ಮನೆಗೆ ಬಂದ ನೆಂಟರು ಏನನ್ನು ನೋಡುತ್ತಾರೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ವಿಷಯ ನಾನು ಆರಿಸಿಕೊಂಡದ್ದಲ್ಲ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ಎಲ್ಲರೂ ಮಾತಾಡ್ತಾರೆ ಕಣಪ್ಪಾ. ನೀನು ಮೊದಲಿನಿಂದ ಆಟದ ಹುಚ್ಚ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬಂದಿದೆ. 2036ರ ಒಲಿಂಪಿಕ್ಸೂ ನಮಗೇ ಬೇಕು ಅಂತ ಕೇಳ್ತಾ ಇದ್ದಾರೆ. ಇಂಥದ್ದು ನಡೆಸಿದರೆ ಹೊರದೇಶದಲ್ಲಿ ನಮ್ಮ ಹೆಸರು ಹೆಚ್ಚುತ್ತಾ? ಅದನ್ನ ಹೇಳು" ಎಂದರು. ಮೇಷ್ಟ್ರ ಮಾತಿಗೆ ಆಗಲೂ ಇಲ್ಲ ಅಂದವನಲ್ಲ, ಈಗಲೂ ಇಲ್ಲ.

ದೇಶದ ಮಾತಿಗೆ ಹೋಗುವ ಮೊದಲು ಇದೇ ಮೈದಾನದ ಒಂದು ಸಂಗತಿ ಹೇಳುತ್ತೇನೆ. 2003ನೇ ಇಸವಿ. ನಾನು ಒಂಬತ್ತನೇ ತರಗತಿ. ಆಗ ನಮ್ಮದು ಇನ್ನೂ ಕೋಲಾರ ಜಿಲ್ಲೆ; ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಆ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟ ನಮ್ಮ ಶಾಲೆಗೆ ಬಂತು. ಒಂದು ವಾರ ಪಾಠವೇ ಇಲ್ಲ. ಗೋಡೆಗೆ ಸುಣ್ಣ ಹೊಡೆದೆವು, ಮೈದಾನದ ಕಲ್ಲು ಆರಿಸಿದೆವು, ಮಾವಿನ ತೋರಣ ಕಟ್ಟಿದೆವು. ಗೇಟಿಗೆ ಬಣ್ಣದ ಬಟ್ಟೆಯ ಕಮಾನು, ಅದರ ಮೇಲೆ ಥರ್ಮೋಕೋಲ್ ಅಕ್ಷರದಲ್ಲಿ ಸುಸ್ವಾಗತ. ನೋಡಲು ಮದುವೆ ಮನೆಯಂತೆ ಇತ್ತು.

ಬೆಳಿಗ್ಗೆ ಹನ್ನೊಂದಕ್ಕೆ ನೀರಿನ ಡ್ರಮ್ಮು ಬರಿದಾಯಿತು. ಹೇಳಿದ್ದ ಟ್ಯಾಂಕರ್ ಬರಲಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ಇದ್ದ ಒಂದಕ್ಕೆ ಬೀಗ. ಮಧ್ಯಾಹ್ನದ ಖೋ-ಖೋ ಪಂದ್ಯದಲ್ಲಿ ಬೇರೆ ಊರಿನ ಒಬ್ಬ ಹುಡುಗಿ ಓಡುತ್ತಾ ಓಡುತ್ತಾ ತಲೆಸುತ್ತಿ ಬಿದ್ದಳು. ಶೌಚಾಲಯಕ್ಕೆ ಹೋಗುವ ಪಾಡು ಬರಬಾರದೆಂದು ಆ ತಂಡದವರು ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕಬಡ್ಡಿಯಲ್ಲಿ ನಮ್ಮ ಶಾಲೆ ಗೆದ್ದಿತು. ಸಂಜೆ ನಾವು ಕುಣಿಯುತ್ತಿದ್ದರೆ ಪಿ.ಟಿ. ಮೇಷ್ಟ್ರು ಒಬ್ಬರೇ ಸಪ್ಪಗೆ ಕುಳಿತಿದ್ದರು. "ಕಪ್ಪು ಬಂತು ಕಣ್ರೋ, ಹೆಸರು ಬರಲಿಲ್ಲ" ಎಂದರು. ಆಗ ನಮಗೆ ಅರ್ಥವಾಗಲಿಲ್ಲ.

ಬಿ.ಇ. ಓದುವಾಗ ಅರ್ಥವಾಯಿತು. ಹಾಸ್ಟೆಲಿನಲ್ಲಿ ನಮ್ಮ ತಾಲ್ಲೂಕಿನವನೇ ಒಬ್ಬ ಸಿಕ್ಕ. ಯಾವ ಸ್ಕೂಲು ಎಂದು ಕೇಳಿದ, ಹೇಳಿದೆ. ತಕ್ಷಣ, "ಓ, ಆ ನೀರಿಲ್ಲದ ಸ್ಕೂಲಾ?" ಎಂದ. ಐದಾರು ವರ್ಷವಾಗಿತ್ತು. ಕಮಾನು ಅವನಿಗೆ ನೆನಪಿರಲಿಲ್ಲ, ನಾವು ಗೆದ್ದದ್ದೂ ನೆನಪಿರಲಿಲ್ಲ. ನೀರಿಲ್ಲದ್ದು ಮಾತ್ರ ನೆನಪಿತ್ತು.

ದೇಶಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ ಎಂಬುದೇ ನನ್ನ ಇವತ್ತಿನ ಮಾತು.

ಮೊದಲು ಒಳ್ಳೆಯದನ್ನು ಹೇಳೋಣ. ಕ್ರೀಡಾಕೂಟದಿಂದ ದೇಶಕ್ಕೆ ಹೆಸರು ಬಂದದ್ದು ಸುಳ್ಳಲ್ಲ. ಜಪಾನ್ 1945ರಲ್ಲಿ ಯುದ್ಧದಲ್ಲಿ ಸೋತು ಸುಟ್ಟು ಹೋಗಿದ್ದ ದೇಶ. 1964ರ ಅಕ್ಟೋಬರ್ 10ರಂದು ಟೋಕಿಯೋದಲ್ಲಿ ಒಲಿಂಪಿಕ್ಸ್ ಶುರುವಾಯಿತು. ಅದಕ್ಕೆ ಒಂಬತ್ತು ದಿನ ಮೊದಲು, ಅಕ್ಟೋಬರ್ 1ರಂದು, ಟೋಕಿಯೋ ಮತ್ತು ಒಸಾಕಾ ನಡುವೆ ಬುಲೆಟ್ ರೈಲು ಓಡಿತು. ಒಲಿಂಪಿಕ್ ಜ್ಯೋತಿ ಬೆಳಗಿಸಲು ಅವರು ಆರಿಸಿದ್ದು ಯೋಶಿನೋರಿ ಸಕಾಯಿ ಎಂಬ ಹುಡುಗನನ್ನು. ಹಿರೋಶಿಮಾದ ಮೇಲೆ ಬಾಂಬು ಬಿದ್ದ ದಿನವೇ ಆ ಪ್ರಾಂತ್ಯದಲ್ಲಿ ಹುಟ್ಟಿದವನು. ಜಗತ್ತು ಜಪಾನನ್ನು ನೋಡುವ ರೀತಿಯೇ ಬದಲಾಯಿತು. ಆದರೆ ಒಂದು ಗಮನಿಸಿ: ರೈಲು ಹದಿನೈದು ದಿನದ ಆಟಕ್ಕಾಗಿ ನಿಲ್ಲಿಸಿದ ಅಲಂಕಾರವಲ್ಲ. ನೆಂಟರು ಹೋದ ಮೇಲೂ ಓಡಿತು, ಇವತ್ತಿಗೂ ಓಡುತ್ತಿದೆ.

ಅಲಂಕಾರವನ್ನೇ ನೆಚ್ಚಿಕೊಂಡವರೂ ಇದ್ದಾರೆ. 1936ರಲ್ಲಿ ಹಿಟ್ಲರನ ಜರ್ಮನಿ ಬರ್ಲಿನ್ ಒಲಿಂಪಿಕ್ಸ್ ನಡೆಸಿತು. ನಮ್ಮ ಧ್ಯಾನ್‌ಚಂದ್ ಅವರ ಹಾಕಿ ತಂಡ ಫೈನಲ್ಲಿನಲ್ಲಿ ಜರ್ಮನಿಯನ್ನೇ 8-1ರಿಂದ ಸೋಲಿಸಿದ ಕೂಟ ಅದು. ವಿದೇಶಿಯರ ಕಣ್ಣಿಗೆ ಬೀಳಬಾರದೆಂದು ಯಹೂದಿಗಳ ವಿರುದ್ಧದ ಫಲಕಗಳನ್ನು ಆ ದಿನಗಳ ಮಟ್ಟಿಗೆ ತೆಗೆಸಿದ್ದರು. ಬಂದವರಲ್ಲಿ ಹಲವರು ಮೆಚ್ಚಿ ಹೋದರು. ಹೆಸರು ಎಷ್ಟು ದಿನ ಉಳಿಯಿತು? ಮೂರು ವರ್ಷಕ್ಕೆ ಯುದ್ಧ. ಇನ್ನೊಂದು ಕಡೆ, ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿಗೆ ಮಾಡಿದ ಸಾಲ ತೀರಿದ್ದು 2006ರಲ್ಲಿ. ಮೂವತ್ತು ವರ್ಷ! ಮಗಳ ಮದುವೆ ಸಾಲವನ್ನು ಮೊಮ್ಮಗ ತೀರಿಸಿದ ಹಾಗೆ. 2022ರಲ್ಲಿ ಕತಾರ್ ಫುಟ್‌ಬಾಲ್ ವಿಶ್ವಕಪ್ ನಡೆಸಿದಾಗ ಕ್ರೀಡಾಂಗಣಗಳು ಕಣ್ಣು ಕೋರೈಸುವಂತಿದ್ದವು. ಆದರೆ ಪತ್ರಿಕೆಗಳು ಕೇಳಿದ್ದು ಅವನ್ನು ಬಿಸಿಲಿನಲ್ಲಿ ಕಟ್ಟಿದ ಕೂಲಿಯವರ ಬಗ್ಗೆ. ಅವರಲ್ಲಿ ನಮ್ಮ ದೇಶದವರೂ ಬಹಳ ಮಂದಿ ಇದ್ದರು.

ಈಗ ನಮ್ಮ ದೇಶಕ್ಕೆ ಬರೋಣ. ಮೊದಲ ಏಷ್ಯನ್ ಕ್ರೀಡಾಕೂಟ ನಡೆದದ್ದು ದೆಹಲಿಯಲ್ಲಿ, 1951ರಲ್ಲಿ. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷವಾಗಿದ್ದ ಬಡ ದೇಶ ಏಷ್ಯಾದ ನೆಂಟರನ್ನು ಕರೆದು ಉಪಚರಿಸಿತು. 1982ರಲ್ಲಿ ಮತ್ತೆ ದೆಹಲಿಯಲ್ಲೇ ಏಷ್ಯಾಡ್. ಹಿರಿಯರಿಗೆ ಅಪ್ಪು ಆನೆ ನೆನಪಿರಬೇಕು. ಬಣ್ಣದ ಟಿವಿ ಬಂದದ್ದೂ ಆ ವರ್ಷವೇ. ಇವೆರಡೂ ನಮ್ಮ ಮಾನ ಉಳಿಸಿದವು.

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕಥೆ ಬೇರೆ. ಅಕ್ಟೋಬರ್ 3ಕ್ಕೆ ಉದ್ಘಾಟನೆ. ಸೆಪ್ಟೆಂಬರ್ 21ರಂದು ಮುಖ್ಯ ಕ್ರೀಡಾಂಗಣದ ಪಕ್ಕದ ಪಾದಚಾರಿ ಸೇತುವೆ ಕುಸಿದು ಕಾರ್ಮಿಕರು ಗಾಯಗೊಂಡರು. ಆಟಗಾರರು ಉಳಿಯಬೇಕಿದ್ದ ಕೊಠಡಿಗಳ ಗಲೀಜಿನ ಫೋಟೋಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಹಣದ ಅವ್ಯವಹಾರದ ಆರೋಪಗಳು ಬೇರೆ. ಆಟ ಶುರುವಾದ ಮೇಲೆ ನಮ್ಮವರು 38 ಚಿನ್ನ ಸೇರಿ 101 ಪದಕ ಗೆದ್ದರು, ಪಟ್ಟಿಯಲ್ಲಿ ಎರಡನೇ ಸ್ಥಾನ. ಮಹಿಳೆಯರ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಇದ್ದರು. ಆದರೂ ಇವತ್ತು ಹೊರದೇಶದವರಿಗೆ 2010 ಎಂದರೆ ನೆನಪಾಗುವುದು ಕುಸಿದ ಸೇತುವೆ. ಪಿ.ಟಿ. ಮೇಷ್ಟ್ರು ಹೇಳಿದ್ದು ಇದನ್ನೇ ಅಲ್ಲವೇ? ಕಪ್ಪು ಬಂತು, ಹೆಸರು ಬರಲಿಲ್ಲ.

ದೆಹಲಿ ದೂರ, ಬೆಂಗಳೂರು ನಮ್ಮ ಪಕ್ಕದ್ದು. ಈ ಊರಿನ ಅರ್ಧ ಹುಡುಗರು ಈಗ ಅಲ್ಲೇ ಇದ್ದೇವೆ. ಆ ನಗರಕ್ಕೂ ಆತಿಥ್ಯ ಹೊಸದಲ್ಲ. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಕೋರಮಂಗಲದಲ್ಲಿ ಆಟಗಾರರಿಗಾಗಿ ಕಟ್ಟಿದ ಮನೆಗಳಲ್ಲಿ ಇವತ್ತು ಸಂಸಾರಗಳಿವೆ. 2011ರ ವಿಶ್ವಕಪ್ಪಿನಲ್ಲಿ ಭಾರತ-ಇಂಗ್ಲೆಂಡ್ ಪಂದ್ಯ ಮೊದಲು ನಿಗದಿಯಾಗಿದ್ದದ್ದು ಕೋಲ್ಕತ್ತದ ಈಡನ್ ಗಾರ್ಡನ್ಸಿಗೆ. ಅಲ್ಲಿ ಕೆಲಸ ಮುಗಿದಿರಲಿಲ್ಲ, ಪಂದ್ಯ ಚಿನ್ನಸ್ವಾಮಿಗೆ ಬಂತು. ಫೆಬ್ರವರಿ 27ರಂದು ಸಚಿನ್ 120 ಹೊಡೆದರು, ಸ್ಟ್ರಾಸ್ 158 ಹೊಡೆದರು, ಎರಡೂ ಕಡೆ 338, ಪಂದ್ಯ ಟೈ. ಮೂರು ದಿನದ ಮೇಲೆ ಅಲ್ಲಿಯೇ ಐರ್ಲೆಂಡಿನ ಕೆವಿನ್ ಓಬ್ರಿಯನ್ 50 ಎಸೆತದಲ್ಲಿ ನೂರು ಹೊಡೆದು ಇಂಗ್ಲೆಂಡನ್ನು ಮಣಿಸಿದರು. ನನ್ನ ಜೊತೆ ಕೆಲಸ ಮಾಡುವ ಐರ್ಲೆಂಡಿನವರೊಬ್ಬರು ಮೊದಲ ದಿನ ನನ್ನ ಊರು ಕೇಳಿ, "ಬೆಂಗಳೂರಾ! ಓಬ್ರಿಯನ್ ಬೆಂಗಳೂರು!" ಎಂದು ಹಿಗ್ಗಿದರು. ನಾನು ಮಾಡದ ಕೆಲಸಕ್ಕೆ ನನಗೆ ಬಂದ ಗೌರವ ಅದು. ಒಳ್ಳೆಯ ಆತಿಥ್ಯದ ಫಲ ಇದು. ನೆಂಟರ ಸಂತೋಷದ ಜೊತೆಗೆ ನಮ್ಮ ಊರಿನ ಹೆಸರೂ ಅಂಟಿಕೊಳ್ಳುತ್ತದೆ.

ಅದೇ ಸಹೋದ್ಯೋಗಿ ಕಳೆದ ವರ್ಷ, 2025ರ ಜೂನ್ 4ರ ರಾತ್ರಿ, ನನಗೆ ಮೆಸೇಜ್ ಕಳಿಸಿದರು: "ನೀನು, ಮನೆಯವರು ಕ್ಷೇಮವೇ?"

ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ಹಿಂದಿನ ದಿನ ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟನೇ ವರ್ಷಕ್ಕೆ ಮೊದಲ ಬಾರಿ ಕಪ್ ಗೆದ್ದಿತ್ತು. ನಾನೂ ಕುಣಿದವನೇ. ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ ಎಂದರು. ಮೂವತ್ತು ಚಿಲ್ಲರೆ ಸಾವಿರ ಜನ ಕೂರುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದರು. ಗೇಟುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು. ಬೆಳಿಗ್ಗೆ ಕೆಂಪು ಜೆರ್ಸಿ ಹಾಕಿಕೊಂಡು ಹೋದ ಮಕ್ಕಳು. ಅವರ ತಂದೆ-ತಾಯಂದಿರ ನೋವಿನ ಮುಂದೆ ದೇಶದ ಹೆಸರು, ನಗರದ ಹೆಸರು ಎಂಬ ಮಾತು ಬಹಳ ಸಣ್ಣದು. ಅದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಆಡುತ್ತೇನೆ.

ಅದು ಅಂತರರಾಷ್ಟ್ರೀಯ ಪಂದ್ಯವಲ್ಲ, ಪಂದ್ಯವೇ ಅಲ್ಲ. ಆದರೂ ಸುದ್ದಿ ಜಗತ್ತಿನ ಎಲ್ಲ ಕಡೆ ಹೋಯಿತು. ಪರಿಣಾಮವೂ ಬಂತು. ಮಹಿಳಾ ವಿಶ್ವಕಪ್ಪಿನ ಉದ್ಘಾಟನಾ ಪಂದ್ಯ, ಒಂದು ಸೆಮಿಫೈನಲ್ ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಪಾಕಿಸ್ತಾನ ಫೈನಲ್ ತಲುಪದಿದ್ದರೆ ಫೈನಲ್ ಕೂಡ ಇಲ್ಲೇ. ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ, ಆ ಕ್ರೀಡಾಂಗಣ ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲ ಎಂದಿತು. ಆಗಸ್ಟಿನಲ್ಲಿ ಪಂದ್ಯಗಳನ್ನು ಬೆಂಗಳೂರಿನಿಂದ ತೆಗೆದು ನವಿ ಮುಂಬೈಗೆ ಕೊಟ್ಟರು, ಉದ್ಘಾಟನಾ ಪಂದ್ಯ ಗುವಾಹಟಿಗೆ ಹೋಯಿತು. ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಬಾರಿ ವಿಶ್ವಕಪ್ ಎತ್ತಿದಾಗ, ಆ ಕ್ಷಣ ನಮ್ಮ ಬೆಂಗಳೂರಿನದಾಗಬಹುದಿತ್ತು. 2026ರ ಪುರುಷರ ಟಿ-20 ವಿಶ್ವಕಪ್ಪಿಗೆ ಭಾರತದಲ್ಲಿ ಆರಿಸಿದ ಐದು ನಗರಗಳಲ್ಲೂ ಬೆಂಗಳೂರು ಇಲ್ಲ.

ಹಾಗಾದರೆ ಬೆಂಗಳೂರಿಗೆ ಆತಿಥ್ಯವೇ ಬರುವುದಿಲ್ಲವೇ? ಬರುತ್ತದೆ. ಅದೇ ದುರಂತವಾಗಿ ಒಂದು ತಿಂಗಳಿಗೆ, ಜುಲೈ 5ರಂದು, ಚಿನ್ನಸ್ವಾಮಿಯಿಂದ ನಡೆದು ಹೋಗುವಷ್ಟೇ ದೂರದ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಹೆಸರಿನ ಅಂತರರಾಷ್ಟ್ರೀಯ ಜಾವೆಲಿನ್ ಕೂಟ ನಡೆಯಿತು. ಹರಿಯಾಣದ ಪಂಚಕುಲದಲ್ಲಿ ಆಗಬೇಕಿದ್ದದ್ದು, ಅಲ್ಲಿ ದೀಪದ ವ್ಯವಸ್ಥೆ ಸಾಲದೆಂದು ಇಲ್ಲಿಗೆ ಬಂದಿತ್ತು. ನೀರಜ್ 86.18 ಮೀಟರ್ ಎಸೆದು ಗೆದ್ದರು, ಕೀನ್ಯಾದ ಜೂಲಿಯಸ್ ಯೆಗೊ ಎರಡನೆಯವರು, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರು. ಸಾವಿರಾರು ಜನ ಬಂದರು, ಕೂಗಿದರು, ಕ್ಷೇಮವಾಗಿ ಮನೆಗೆ ಹೋದರು. ಅದೇ ಊರು, ಅದೇ ಜನ. ವ್ಯತ್ಯಾಸ ಇದ್ದದ್ದು ತಯಾರಿಯಲ್ಲಿ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಒಂದು ಪಾಠವಿದೆ. ಸಾವಿರ ಜನ ಬಳಸುವ ವೆಬ್‌ಸೈಟ್ ಕಟ್ಟಿದರೆ, ಒಮ್ಮೆಗೇ ಲಕ್ಷ ಜನ ಬಂದರೆ ಏನಾಗುತ್ತದೆ ಎಂದು ಮೊದಲೇ ಪರೀಕ್ಷೆ ಮಾಡಿ ನೋಡಬೇಕು. ಫಲಿತಾಂಶದ ದಿನ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುವುದನ್ನು ನೀವೆಲ್ಲ ನೋಡಿದ್ದೀರಿ. ಒಳಗೆ ಅಂಕಗಳೆಲ್ಲ ಸರಿಯಾಗಿಯೇ ಇರುತ್ತವೆ, ಬಾಗಿಲಲ್ಲಿ ಜನ ಸಿಕ್ಕಿಕೊಂಡಿರುತ್ತಾರೆ. ಬಾಗಿಲು ಎಷ್ಟು ಜನರನ್ನು ತಾಳುತ್ತದೆ, ಹೆಚ್ಚಾದವರನ್ನು ಎಲ್ಲಿ ನಿಲ್ಲಿಸುತ್ತೀರಿ, ಅವರಿಗೆ ಸರಿಯಾದ ಮಾಹಿತಿ ಯಾರು ಕೊಡುತ್ತಾರೆ? ಈ ಮೂರು ಪ್ರಶ್ನೆಗೆ ಉತ್ತರವಿಲ್ಲದೆ ನಾವು ಯಾವುದನ್ನೂ ಹೊರಗೆ ಬಿಡುವುದಿಲ್ಲ.

ಆದರೆ ಇದು ಕಂಪ್ಯೂಟರಿನಿಂದ ಕಲಿಯಬೇಕಾದ ಪಾಠವೇ? ನಮ್ಮದು ಕೆರೆಗಳ ಸೀಮೆ. ವರ್ಷವಿಡೀ ಹರಿಯುವ ನದಿ ಇಲ್ಲದ ನೆಲದಲ್ಲಿ ನಮ್ಮ ಹಿರಿಯರು ಕೆರೆ ಕಟ್ಟಿ ಬದುಕಿದರು. ಕೋಡಿ ಇಲ್ಲದ ಕೆರೆಯನ್ನು ಅವರು ಯಾವತ್ತಾದರೂ ಕಟ್ಟಿದ್ದಾರೆಯೇ? ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಮಳೆಗೂ ನೀರು ಎಲ್ಲಿಂದ ಹೋಗಬೇಕೆಂದು ಮೊದಲೇ ದಾರಿ ಬಿಟ್ಟರು. ಇಲ್ಲದಿದ್ದರೆ ಏರಿ ಒಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಈ ತಿಳಿವಳಿಕೆಯನ್ನೇ ಯಂತ್ರವಾಗಿಸಿದರು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಹಾಕಿಸಿದ ಗೇಟುಗಳು ನೀರು ಮಿತಿ ಮೀರಿದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚುತ್ತಿದ್ದವು. ಜನಸಾಗರ, ಜನಪ್ರವಾಹ ಎಂದು ನಾವು ಸುಮ್ಮನೆ ಹೇಳುತ್ತೇವೆ. ಪ್ರವಾಹ ಎಂದು ಒಪ್ಪಿದ ಮೇಲೆ ಕೋಡಿ ಬೇಡವೇ?

ಮುದ್ದೇನಹಳ್ಳಿಯ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಅಲ್ಲಿನ ಸತ್ಯಸಾಯಿ ಗ್ರಾಮದ ಕ್ರಿಕೆಟ್ ಮೈದಾನದಲ್ಲಿ 2024ರ ಜನವರಿ 18ರಂದು ಒಂದು ಪ್ರದರ್ಶನ ಪಂದ್ಯ ನಡೆಯಿತು. ಒಂದು ತಂಡಕ್ಕೆ ಸಚಿನ್ ನಾಯಕ, ಇನ್ನೊಂದಕ್ಕೆ ಯುವರಾಜ್ ಸಿಂಗ್. ಮುರಳೀಧರನ್, ಚಮಿಂದ ವಾಸ್, ಮಖಾಯ ಎನ್ಟಿನಿ ಎಲ್ಲರೂ ಬಂದಿದ್ದರು. ಕೊನೆಯ ಓವರಿನಲ್ಲಿ ಇರ್ಫಾನ್ ಪಠಾಣ್ ತಮ್ಮ ಅಣ್ಣ ಯೂಸುಫ್ ಎಸೆತಕ್ಕೇ ಸಿಕ್ಸರ್ ಹೊಡೆದು ಪಂದ್ಯ ಗೆಲ್ಲಿಸಿದರು. ನಂದಿ ಬೆಟ್ಟದ ಸೆರಗಿನ ನಮ್ಮ ನೆಲ ಅವತ್ತು ಹೊರಗಿನವರ ಕಣ್ಣಿಗೂ ಬಿತ್ತು. ನನಗೆ ಹೆಮ್ಮೆಯಾಯಿತು. ಆದರೆ ಒಂದು ದಿನದ ಪಂದ್ಯದ ಹೆಸರು ಎಷ್ಟು ದಿನ ನಿಲ್ಲುತ್ತದೆ? ವಿಶ್ವೇಶ್ವರಯ್ಯನವರ ಹೆಸರು ನೂರು ವರ್ಷ ದಾಟಿಯೂ ನಿಂತಿದೆ. ಅದು ಹೆಸರಿಗಾಗಿ ಮಾಡಿದ ಕೆಲಸದಿಂದ ಬಂದದ್ದಲ್ಲ. ಕೆಲಸ ನೆಟ್ಟಗಿತ್ತು, ಹೆಸರು ಹಿಂದೆಯೇ ಬಂತು.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ದೊಡ್ಡ ಕ್ರೀಡಾಕೂಟ ದೇಶಕ್ಕೆ ಹೊಸ ಮುಖ ಕೊಡುವುದಿಲ್ಲ, ಇರುವ ಮುಖಕ್ಕೆ ದೊಡ್ಡ ದೀಪ ಹಿಡಿಯುತ್ತದೆ. ಮುಖ ತೊಳೆದಿದ್ದರೆ ಚಂದ ಕಾಣುತ್ತದೆ, ಇಲ್ಲದಿದ್ದರೆ ಕೊಳೆಯೇ ಕಾಣುತ್ತದೆ. 2030ಕ್ಕೆ ನೆಂಟರು ಬರುತ್ತಾರೆ. ಅವರು ನಮ್ಮ ಕಮಾನು ನೋಡಿ ಮೆಚ್ಚುವುದು ಒಂದು ಗಳಿಗೆ. ನಮ್ಮ ಜನರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನು ಮಾತ್ರ ನೆನಪಿನಲ್ಲಿ ಒಯ್ಯುತ್ತಾರೆ: ಕ್ಯೂನಲ್ಲಿ ನಿಂತವನನ್ನು, ಕಸ ಗುಡಿಸುವವಳನ್ನು, ಗೇಟಿನ ಹೊರಗೆ ಉಳಿದವನನ್ನು.

ಕೊನೆಗೆ ನಮ್ಮ ಶಾಲೆಯ ಮಾತು. ಸುವರ್ಣ ಮಹೋತ್ಸವದ ನೆನಪಿಗೆ ರಸ್ತೆಯ ಬದಿ ಕಲ್ಲಿನ ಕಮಾನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮಾತು ನಡೆದಿದೆ. ನಮ್ಮ ಬ್ಯಾಚಿನವರೂ ಹಣ ಕೂಡಿಸಿದ್ದೇವೆ. ಹಿರಿಯರ ಮುಂದೆ ಸಂಕೋಚದಿಂದಲೇ ಕೇಳುತ್ತೇನೆ. ಬೆಳಿಗ್ಗೆ ನೀವೆಲ್ಲ ಒಳಗೆ ಬಂದಿರಲ್ಲ, ಆ ಗೇಟು ಒಂದೇ, ಅದೂ ಎತ್ತಿನ ಗಾಡಿ ನುಸುಳುವಷ್ಟು ಅಗಲ. ಅಜ್ಜಿಯರು ಗೋಡೆಗೆ ಒತ್ತಿಕೊಂಡು ನಿಂತಿದ್ದನ್ನು ನಾನು ನೋಡಿದೆ. ಶಾಲೆ ಬಿಟ್ಟಾಗ ಮಕ್ಕಳೆಲ್ಲ ಅದೇ ಗೇಟಿನಿಂದ ನೇರ ಲಾರಿ ಓಡುವ ರಸ್ತೆಗೆ ಬೀಳುತ್ತಾರೆ. ಹೆಣ್ಣುಮಕ್ಕಳ ಶೌಚಾಲಯ ಈಗ ಇದೆ, ಅದರಲ್ಲಿ ನಲ್ಲಿ ಇದೆ, ನಲ್ಲಿಯಲ್ಲಿ ನೀರು ವಾರಕ್ಕೆ ಎರಡು ದಿನ.

ಮೊದಲು ಕೆರೆಯ ಕಡೆಗೆ ಎರಡನೇ ಗೇಟು ಇಡಿಸೋಣ. ನಮ್ಮ ಶಾಲೆಗೂ ಒಂದು ಕೋಡಿ ಇರಲಿ. ಶೌಚಾಲಯಕ್ಕೆ ದಿನವೂ ನೀರು ಬರುವಂತೆ ತೊಟ್ಟಿ, ಮೋಟಾರು ಮಾಡಿಸೋಣ. ಆಮೇಲೆ ಹಣ ಉಳಿದರೆ ಕಮಾನು ಕಟ್ಟೋಣ. ಬೇಡ ಎನ್ನುವವನು ನಾನಲ್ಲ. ಅಷ್ಟು ಮಾಡಿದ ಮೇಲೆ ತಾಲ್ಲೂಕು ಕ್ರೀಡಾಕೂಟವನ್ನು ಮತ್ತೆ ನಮ್ಮ ಶಾಲೆಗೇ ಕೊಡಿ ಎಂದು ತಲೆ ಎತ್ತಿ ಕೇಳೋಣ.

2003ರಲ್ಲಿ ಬಿದ್ದ ಆ ಹುಡುಗಿ ಯಾರೋ, ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅವಳಿಗೂ ಮಕ್ಕಳಿರಬಹುದು. ಅವಳ ಮಗಳು ಒಂದು ದಿನ ಖೋ-ಖೋ ಆಡಲು ಈ ಮೈದಾನಕ್ಕೆ ಬಂದರೆ, ಹೊಟ್ಟೆ ತುಂಬ ನೀರು ಕುಡಿದು ಓಡಲಿ. ನಮ್ಮ ಶಾಲೆಗೆ ಅದಕ್ಕಿಂತ ದೊಡ್ಡ ಹೆಸರು ಬೇಡ.